ಅಭಿಮನ್ಯುವಿಗೆ ಕಿರೀಟ ಯಾಕಿಲ್ಲ?

ಕಾರವಾರದ ಅಕ್ಕನ ಮಗ ಅನಿಮೇಷನ್ ಕಲೀತಾ ಇದ್ದಾನೆ. ಅಂಕೋಲೆಗೆ ಬಂದಾಗ ಗೇಮಿಗೆಂದು ಬರೆದ ಅಭಿಮನ್ಯುವನ್ನು ತೋರಿಸಿದ. ಉಬ್ಬಿದ ತೋಳು, ಟಿವಿ ಧಾರಾವಾಹಿಯ ಕಿರೀಟ.

"ಚಲೋ ಇದೆ ತಮಾ, ಆದ್ರೆ ಇವ್ನು ಅಭಿಮನ್ಯು ಅಂತ ಗೊತ್ತಾಗೋದು ಹೇಗೆ?" ಅಂದೆ.

"ಕೆಳಗೆ ಹೆಸರು ಬರ್ತದಲ್ಲ ಮಾಮಾ."

ನಮ್ಮ ಯಕ್ಷಗಾನದಲ್ಲಿ ಆ ಅನುಕೂಲ ಇರಲಿಲ್ಲ. ಪೆಟ್ರೋಮ್ಯಾಕ್ಸ್, ಕರೆಂಟು ಬರುವ ಮೊದಲು ಬಯಲಲ್ಲಿ ಉರಿಯುತ್ತಿದ್ದದ್ದು ದೀವಟಿಗೆ. ಹಿಂದೆ ಕೂತವನಿಗೆ ಮುಖ ಸರಿಯಾಗಿ ಕಾಣದಿದ್ದರೂ ವೇಷದ ಆಕಾರ ಕಾಣಬೇಕಿತ್ತು. ಹಗುರ ಮರದ ಆಭರಣಕ್ಕೆ ಅಂಟಿಸಿದ ಬೇಗಡೆ ಅಷ್ಟು ಬೆಳಕಿಗೇ ಮಿಂಚುತ್ತಿತ್ತು. ಪಾತ್ರದ ಗುರುತನ್ನು ತಲೆಯ ಕಟ್ಟೇ ಹೇಳುತ್ತಿತ್ತು. ಬಡಗುತಿಟ್ಟಿನಲ್ಲಿ ದೊಡ್ಡ ವೀರರಿಗೆ ದೊಡ್ಡ ಮುಂಡಾಸು. ಅಭಿಮನ್ಯು, ಬಭ್ರುವಾಹನರಂಥ ಎಳೆಯರಿಗೆ ಕೇದಗೆ ಮುಂದಲೆ. ಇಂಥ ವೇಷಗಳ ವಿವರವನ್ನೆಲ್ಲ ಕೂಡಿಹಾಕಿದ ಶಿವರಾಮ ಕಾರಂತರ 'ಯಕ್ಷಗಾನ ಬಯಲಾಟ'ಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಇಂದು ಅನಿಮೇಷನ್ ಕಲಿಸುವವರು, ಪಾತ್ರವನ್ನು ಪೂರ್ತಿ ಕಪ್ಪು ಮಾಡಿ ನೆರಳಿನಲ್ಲೇ ಗುರುತು ಸಿಗುತ್ತದಾ ನೋಡಿ ಅನ್ನುತ್ತಾರೆ. ನಮ್ಮ ಚೌಕಿಯಲ್ಲಿ ಬಟ್ಟೆ ಸುತ್ತಿ ಸುತ್ತಿ ತಲೆಕಟ್ಟು ಕಟ್ಟುತ್ತಿದ್ದವರು ಆ ಪರೀಕ್ಷೆಯನ್ನು ರಾತ್ರಿ ರಾತ್ರಿ ಪಾಸಾದವರು.

ಚಕ್ರವ್ಯೂಹದಲ್ಲಿ ದೊಡ್ಡ ಮುಂಡಾಸುಗಳ ನಡುವೆ ಆ ಪುಟ್ಟ ಮುಂದಲೆ ಒಂಟಿಯಾದಾಗ ಭಾಗವತರು ಪದ ಎತ್ತುವ ಮೊದಲೇ ನನ್ನ ಹೊಟ್ಟೆಯಲ್ಲಿ ಸಂಕಟ ಆಗ್ತಿತ್ತು. ಕಿರೀಟ ಇಟ್ಟರೆ ಸಾಯೋದು ಒಬ್ಬ ರಾಜ. ಅವನು ಹುಡುಗ ಅನ್ನೋದೇ ಮರೆತುಹೋಗ್ತದೆ.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ, "ಮುಂದಲೆ ಕಟ್ಟೋದನ್ನ ಎದುರು ಕೂತು ನೋಡ್ಬಹುದಾ ಮಾಮಾ?"