ಧ್ವನಿಮುದ್ರಿಕೆಯ ರೂಪಾಂತರ: ಮಾಯಸಂದ್ರ ಸೀಮೆಯ ನೆಲೆಯಿಂದ ಒಂದು ಅವಲೋಕನ

ಕರ್ನಾಟಕದ ಸಂಗೀತ ಚರಿತ್ರೆಯನ್ನು ಬರೆದವರು ಹಾಡಿದವರನ್ನೂ ರಚಿಸಿದವರನ್ನೂ ಕುರಿತು ವಿಪುಲವಾಗಿ ಬರೆದಿದ್ದಾರೆ. ಹಾಡು ಯಾವ ವಸ್ತುವಿನ ಮೇಲೆ ಉಳಿದು ಬಂದಿತು, ಒಂದು ವಸ್ತುವಿನಿಂದ ಮತ್ತೊಂದಕ್ಕೆ ಹೇಗೆ ದಾಟಿತು ಎಂಬುದರ ಕಡೆಗೆ ಅಷ್ಟಾಗಿ ಗಮನ ಹರಿದಿಲ್ಲ. ತುರುವೇಕೆರೆ ತಾಲ್ಲೂಕಿನ ಹೋಬಳಿ ಕೇಂದ್ರವಾದ ಮಾಯಸಂದ್ರ ಒಂದು ಕಡೆ ತೆಂಗಿನ ಸೀಮೆಗೂ ಮತ್ತೊಂದು ಕಡೆ ನಾಗಮಂಗಲ ಸೀಮೆಗೂ ಹತ್ತಿರದ ಊರು. ಮೂಡಲಪಾಯ, ಸೋಬಾನೆ, ವೃತ್ತಿ ನಾಟಕಗಳ ಹಾಡು ಮೂರೂ ಬಳಕೆಯಲ್ಲಿದ್ದ ಈ ಭಾಗದಲ್ಲಿ ನಿಂತು ನೋಡಿದರೆ ಆ ದಾಟುವಿಕೆಯ ಲಾಭನಷ್ಟಗಳು ಸ್ಪಷ್ಟವಾಗುತ್ತವೆ.

1902ರ ನವೆಂಬರ್‌ನಲ್ಲಿ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿಕೊಂಡನು. ಅರಗಿನ ತಟ್ಟೆಯ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷ. ರಾಗದ ವಿಸ್ತಾರ ಅಷ್ಟಕ್ಕೆ ಕುಗ್ಗಬೇಕಾಯಿತು. ಮುದ್ರಿಕೆಯ ಕೊನೆಯಲ್ಲಿ ಆಕೆ ತನ್ನ ಹೆಸರನ್ನು ತಾನೇ ಹೇಳುತ್ತಿದ್ದರು. ತಟ್ಟೆ ತಯಾರಾಗುತ್ತಿದ್ದುದು ದೂರದ ಜರ್ಮನಿಯಲ್ಲಾದ್ದರಿಂದ ಅಲ್ಲಿನವರಿಗೆ ಗುರುತು ಸಿಗಲೆಂದು ಈ ಏರ್ಪಾಡು ಎಂಬುದು ರೂಢಿಯ ವಿವರಣೆ. ಮುಂದೆ ಮೈಸೂರು ಆಸ್ಥಾನವನ್ನು ಸೇರಿದ ಆಕೆ 1930ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ಈ ಸೀಮೆಗೆ ಸಮೀಪದ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪನಿಯ ಪರಂಪರೆಯ ರಂಗಗೀತೆಗಳೂ ಮೂರು ನಿಮಿಷದ ಇದೇ ಅಳತೆಗೆ ಒಗ್ಗಬೇಕಾಯಿತು. ರಾತ್ರಿಯಿಡೀ ನಡೆಯುವ ಮೂಡಲಪಾಯಕ್ಕಂತೂ ತಟ್ಟೆಯಲ್ಲಿ ಜಾಗವೇ ಇರಲಿಲ್ಲ.

ದೀರ್ಘ ಕಥನಗಳಿಗೆ ಎಡೆ ದೊರೆತದ್ದು ಕಾಂತಪಟ್ಟಿಯಿಂದ. ನಾಗಮಂಗಲ ತಾಲ್ಲೂಕಿನವರೇ ಆದ ಎಚ್.ಎಲ್. ನಾಗೇಗೌಡರು ಧ್ವನಿಮುದ್ರಣವನ್ನು ಜಾನಪದ ಸಂಗ್ರಹದ ಮುಖ್ಯ ಸಾಧನವಾಗಿ ಬಳಸಿದರು. ರಾಮನಗರದ ಜಾನಪದ ಲೋಕ ಆ ಶ್ರಮದ ಫಲ. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಕ್ಯಾಸೆಟ್ಟು ಕನ್ನಡದ ಮನೆಗಳಿಗೆ ವ್ಯಾಪಕವಾಗಿ ತಲುಪಿದ್ದು ಮಾತ್ರ ಬಹಳ ತಡವಾಗಿ. 1978ರಲ್ಲಿ ಬಂದ ‘ನಿತ್ಯೋತ್ಸವ’ವನ್ನು ಸುಗಮ ಸಂಗೀತದ ಮೊದಲ ಕ್ಯಾಸೆಟ್ಟೆಂದು ಗುರುತಿಸುವುದುಂಟು. ಈ ಸೀಮೆಯಲ್ಲಿ ತೆಂಗಿನಕಾಯಿಯನ್ನು ವರ್ಷದ ಹತ್ತಿರ ಅಟ್ಟದ ಮೇಲೆ ಒಣಗಿಸಿ ಉಂಡೆ ಕೊಬ್ಬರಿ ಮಾಡುತ್ತಾರೆ. ಕೊಬ್ಬರಿಗೆ ಹಿತವಾದ ಆ ಬಿಸಿ, ಹಳೆಯ ಸಾಮಾನಿನೊಡನೆ ಅಟ್ಟ ಸೇರಿದ ಕ್ಯಾಸೆಟ್ಟಿಗೆ ಹಿತವಲ್ಲ.

ಅಂಕೀಯ ಯುಗದಲ್ಲಿ ಪ್ರಶ್ನೆಯ ಸ್ವರೂಪವೇ ಬದಲಾಯಿತು. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ. ಧ್ವನಿಯನ್ನು ಸೆಕೆಂಡಿಗೆ 44,100 ಬಾರಿ ಅಳೆದು, ಪ್ರತಿ ಅಳತೆಯನ್ನು 16 ಬಿಟ್‌ಗಳಲ್ಲಿ ದಾಖಲಿಸುತ್ತದೆ. ಎಂಪಿ3 ಕಿವಿಗೆ ಕೇಳಿಸಲಾರದೆಂದು ತಾನು ಅಂದಾಜು ಮಾಡಿದ ಅಂಶಗಳನ್ನು ಕೈಬಿಟ್ಟು, 128 ಕಿಲೋಬಿಟ್ ದರದಲ್ಲಿ ಅದನ್ನು ಹನ್ನೊಂದನೆಯ ಒಂದು ಪಾಲಿಗೆ ಇಳಿಸುತ್ತದೆ. ಆ ದರದಲ್ಲಿ ಸಾಮಾನ್ಯವಾಗಿ ಮೊದಲು ಹೋಗುವುದು ಅತಿ ಎತ್ತರದ ಸ್ವರಾಂಶಗಳು. ಮೂಡಲಪಾಯದ ಮುಖವೀಣೆಯ ಚೂಪು, ತಾಳದ ಲೋಹನಾದ ಇರುವುದು ಅಲ್ಲಿಯೇ. ಮೊಬೈಲ್ ಅಂಗಡಿಗಳಲ್ಲಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಸುವ ಪದ್ಧತಿ ಹೋಬಳಿ ಊರುಗಳಿಗೂ ಹಬ್ಬಿದಾಗ ಹಾಡಿನೊಡನೆ ಕಲಾವಿದರ ಹೆಸರು ಬರುವುದೂ ನಿಂತಿತು. ಗೌಹರ್ ಜಾನ್ ತಮ್ಮ ಹೆಸರನ್ನು ಹಾಡಿನೊಳಗೇ ಸೇರಿಸಿದ್ದು ಎಷ್ಟು ದೂರದೃಷ್ಟಿಯ ಕೆಲಸವಾಗಿತ್ತು!

ಇದಕ್ಕಿಂತ ಜಟಿಲವಾದುದು ಚಂದಾ ಸಂಗೀತದ ಸಮಸ್ಯೆ. 2004ರ ಸುಮಾರಿಗೆ ಮೈಕ್ರೋಸಾಫ್ಟ್‌ನ ಡಬ್ಲ್ಯು.ಎಂ.ಎ. ರೂಪದಲ್ಲಿ ಚಂದಾ ಹಾಡುಗಳು ಕೈಸಾಧನಗಳಿಗೆ ಬಂದವು; ಅವಕ್ಕೆ ಬೀಗವಿತ್ತು, ಚಂದಾ ನಿಂತರೆ ಹಾಡೂ ನಿಲ್ಲುತ್ತಿತ್ತು. ಆಪಲ್ ಸಂಸ್ಥೆ ತಾನು ಮಾರುವ ಹಾಡುಗಳ ಬೀಗವನ್ನು 2009ರಲ್ಲಿ ತೆಗೆಯಿತು. ಚಂದಾ ಹಾಡಿಗೆ ಆ ಭಾಗ್ಯ ಬರಲಿಲ್ಲ. ಇಂದಿಗೂ ‘ಡೌನ್‌ಲೋಡ್’ ಎಂದು ಆ್ಯಪ್ ಕರೆಯುವುದು ಬೀಗ ಹಾಕಿದ ತಾತ್ಕಾಲಿಕ ಪ್ರತಿಯನ್ನೇ. 2014ರಲ್ಲಿ ಆರಂಭವಾದ ವಿಂಕ್ 2024ರಲ್ಲಿ ಮುಚ್ಚಿತೆಂಬುದನ್ನು ನೆನೆದರೆ ಇಂತಹ ಪ್ರತಿಯ ಆಯುಷ್ಯ ಎಷ್ಟೆಂಬುದು ತಿಳಿಯುತ್ತದೆ. ಬೀಗ ತೆಗೆದು ಎಂಪಿ3ಗೆ ಬದಲಿಸಿಕೊಂಡರೆ ಸಾಲದೇ ಎಂದು ಕೇಳುವವರುಂಟು. ಒಮ್ಮೆ ಕುಗ್ಗಿಸಿದುದನ್ನು ಮತ್ತೊಂದು ಕುಗ್ಗಿಸುವ ರೂಪಕ್ಕೆ ತಂದರೆ ನಷ್ಟದ ಮೇಲೆ ನಷ್ಟ. ಅದನ್ನೇ ‘ವೇವ್’ ಅಥವಾ ‘ಫ್ಲ್ಯಾಕ್’ ರೂಪಕ್ಕೆ ತಂದರೆ ಕಡತ ಹಿಗ್ಗುತ್ತದೆಯೇ ಹೊರತು ಕಳೆದುಹೋದ ನಾದ ಮರಳುವುದಿಲ್ಲ.

ಕಾನೂನಿನ ಮಾತೂ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರ ತಿದ್ದುಪಡಿ 65ಎ ಕಲಮನ್ನು ಸೇರಿಸಿತು. ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ಬೀಗವನ್ನು ಮುರಿಯುವುದು ಅದರಂತೆ ಎರಡು ವರ್ಷಗಳವರೆಗೆ ಸೆರೆವಾಸಕ್ಕೆ ಅರ್ಹವಾದ ಅಪರಾಧ. ಕಾಯ್ದೆ ಸ್ಪಷ್ಟವಾಗಿ ನಿಷೇಧಿಸದ ಉದ್ದೇಶಗಳಿಗೆ ಅದೇ ಕಲಮು ವಿನಾಯಿತಿಯನ್ನೂ ನೀಡುತ್ತದಾದ್ದರಿಂದ ಸಂಶೋಧಕನ ಖಾಸಗಿ ಬಳಕೆಯ ಬಗೆಗೆ ವಾದಕ್ಕೆ ಎಡೆಯಿದೆ. ಗ್ರಂಥಾಲಯಗಳಿಗೆ ನೇರವಾಗಿ ಸಂಬಂಧಿಸಿದುದು 52ನೆಯ ಕಲಮಿನಲ್ಲಿ ಆಗಲೇ ಸೇರಿದ ಮತ್ತೊಂದು ಅಂಶ: ವಾಣಿಜ್ಯೇತರ ಸಾರ್ವಜನಿಕ ಗ್ರಂಥಾಲಯವೊಂದು ತನ್ನಲ್ಲಿ ಈಗಾಗಲೇ ಅಂಕೀಯವಲ್ಲದ ಪ್ರತಿ ಇದ್ದರೆ ಸಂರಕ್ಷಣೆಗಾಗಿ ಅದನ್ನು ವಿದ್ಯುನ್ಮಾನ ರೂಪದಲ್ಲಿ ಇಟ್ಟುಕೊಳ್ಳಬಹುದು. ಇದರಿಂದ ಒಂದು ವಿಚಿತ್ರ ಸ್ಥಿತಿ ಉಂಟಾಗಿದೆ. ಅರಗಿನ ತಟ್ಟೆಗೂ ಕ್ಯಾಸೆಟ್ಟಿಗೂ ಈ ರಕ್ಷಣೆ ಸಿಗುತ್ತದೆ. ಚಂದಾ ಸೇವೆಯಲ್ಲಿ ಮಾತ್ರ ಪ್ರಕಟವಾದ ಇಂದಿನ ಜನಪದ ಹಾಡಿಗೆ ಅಂಕೀಯವಲ್ಲದ ಪ್ರತಿಯೇ ಇಲ್ಲವಾದುದರಿಂದ ಅದು ಈ ಅಂಶದ ಆಚೆಗೇ ಉಳಿಯುತ್ತದೆ. ಪ್ರಕಟವಾಗಿ 60 ವರ್ಷ ಕಳೆದ ಮುದ್ರಿಕೆಗಳ ಮೇಲಿನ ಹಕ್ಕು ಹೇಗೂ ಮುಗಿದಿರುತ್ತದೆ.

ಆದಕಾರಣ ಮಾಯಸಂದ್ರದಂತಹ ಊರಿನ ಗಾಯಕರು ತಮ್ಮ ಹಾಡನ್ನು ಸೇವೆಯೊಂದಕ್ಕೆ ಕೊಡುವ ಮುನ್ನ ಅವರ ಲಿಖಿತ ಒಪ್ಪಿಗೆ ಪಡೆದು, ಮೂಲ ಮುದ್ರಣವನ್ನೇ 48 ಕಿಲೋಹರ್ಟ್ಸ್, 24 ಬಿಟ್ ‘ವೇವ್’ ರೂಪದಲ್ಲಿ, ಹಾಡಿದವರ ಹೆಸರು, ಊರು, ದಿನಾಂಕಗಳೊಡನೆ ಸಂಗ್ರಹಾಲಯಗಳು ಪಡೆದಿಟ್ಟುಕೊಳ್ಳುವುದು ಸದ್ಯಕ್ಕಿರುವ ಮಾರ್ಗ. ಕೇಳುಗರ ಬಳಕೆಗೆ ಎಂಪಿ3 ಪ್ರತಿಯನ್ನು ಅದರಿಂದಲೇ ತೆಗೆಯಬಹುದು.