ನನ್ನ ದುಡ್ಡು ಈಗ ಎಲ್ಲಿದೆ?

ಸಾಫ್ಟ್‌ವೇರಿನಲ್ಲಿರುವ ಮಗ ಮೊನ್ನೆ ಊಟದ ಹೊತ್ತಿಗೆ ಫೋನಿನಲ್ಲಿ ಜಗಳವಾಡುತ್ತಿದ್ದ. ವ್ಯವಸ್ಥೆಯೆಲ್ಲ ಒಂದೇ ಪ್ರೋಗ್ರಾಮ್ ಆಗಿರಬೇಕೋ (ಮಾನೊಲಿತ್ ಅಂತೆ), ಬೇರೆಬೇರೆ ಯಂತ್ರಗಳಲ್ಲಿ ಓಡುವ ಚಿಕ್ಕ ಪ್ರೋಗ್ರಾಮುಗಳಾಗಬೇಕೋ (ಮೈಕ್ರೋಸರ್ವೀಸ್ ಅಂತೆ) ಅನ್ನುವ ಜಗಳ. ನಾನು ಬರೀ ಬಿ.ಕಾಂ. ಆದರೂ ಇದನ್ನೆಲ್ಲೋ ನೋಡಿದ್ದೇನಲ್ಲ ಅನ್ನಿಸಿತು...

1993ರಲ್ಲಿ ಬೊಂಬಾಯಿಗೆ ಬಂದು ಬ್ಯಾಂಕು ಸೇರಿದಾಗ ಒಂದೊಂದು ಶಾಖೆಯೂ ಒಂದೊಂದು ಸಂಸ್ಥಾನ. 1984ರ ರಂಗರಾಜನ್ ಸಮಿತಿಯ ವರದಿಯ ನಂತರ ಲೆಡ್ಜರ್ ಯಂತ್ರಗಳು ಬಂದಿದ್ದವು, ಆದರೆ ಅವೂ ಶಾಖೆಯೊಳಗೇ. ಶಾಖೆಗಳ ನಡುವಿನ ಮಾತುಕತೆ ಅಂಚೆಯ ಅಡ್ವೈಸಿನಲ್ಲಿ. ಒಮ್ಮೆ ಒಬ್ಬ ಹಿರಿಯರು ಮಗಳ ಮದುವೆಗೆಂದು ಊರಿಗೆ ಕಳಿಸಿದ ಹಣ ಇಲ್ಲಿ ಡೆಬಿಟ್ ಆಯಿತು, ಅಲ್ಲಿ ಕ್ರೆಡಿಟ್ ಆಗಲಿಲ್ಲ. ಅಡ್ವೈಸು ದಾರಿಯಲ್ಲೇ ಕಳೆದಿತ್ತು. "ನನ್ನ ದುಡ್ಡು ಈಗ ಎಲ್ಲಿದೆ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

2000ದ ದಶಕದಲ್ಲಿ ಕೋರ್ ಬ್ಯಾಂಕಿಂಗ್ ಬಂತು. ಬೆಂಗಳೂರಿನ ಇನ್ಫೋಸಿಸ್‌ನ ಫಿನಾಕಲ್‌ನಂಥವು ಶಾಖೆಗಳ ಲೆಡ್ಜರುಗಳನ್ನೆಲ್ಲ ಒಂದೆಡೆ ತಂದವು. ಡೆಬಿಟ್, ಕ್ರೆಡಿಟ್ ಎರಡೂ ಆಗಬೇಕು, ಇಲ್ಲವೇ ಎರಡೂ ಆಗಬಾರದು. ಎಂಥ ನೆಮ್ಮದಿ! ಆದರೆ ಸರ್ವರ್ ಮಲಗಿದರೆ ಎಲ್ಲ ಶಾಖೆಗಳೂ ಕೈಕಟ್ಟಿ ಕೂರಬೇಕು.

ಸಾಫ್ಟ್‌ವೇರ್ ಲೋಕ ಹೋದದ್ದು ಉಲ್ಟಾ ದಿಕ್ಕಿಗೆ. 2014ರಲ್ಲಿ ಜೇಮ್ಸ್ ಲೂಯಿಸ್, ಮಾರ್ಟಿನ್ ಫೌಲರ್ ಬರೆದ ಲೇಖನದಿಂದ ಮೈಕ್ರೋಸರ್ವೀಸ್ ಮನೆಮಾತಾಯಿತು. ಮರುವರ್ಷವೇ ಫೌಲರ್ "ಮೊದಲು ಒಂದಾಗಿಯೇ ಕಟ್ಟಿ" ಎಂಬರ್ಥದಲ್ಲಿ ಬರೆದರು. 2023ರಲ್ಲಿ ಅಮೆಜಾನ್ ಪ್ರೈಮ್ ವಿಡಿಯೋದ ಒಂದು ತಂಡ ತನ್ನ ವಿಡಿಯೋ ಗುಣಮಟ್ಟದ ತಪಾಸಣೆಯನ್ನು ಒಂದೇ ಪ್ರೋಗ್ರಾಮಿಗೆ ತಂದು ಶೇ. 90ರಷ್ಟು ಖರ್ಚು ಉಳಿಸಿತು. ಅದೇ ವರ್ಷ ಗೂಗಲ್ 'ಸರ್ವೀಸ್ ವೀವರ್' ತಂದಿತು. ಒಂದಾಗಿ ಬರೆಯಿರಿ, ಒಟ್ಟಿಗೆ ಓಡಿಸುವುದೋ ಬಿಡಿಬಿಡಿಯಾಗಿಯೋ ಆಮೇಲೆ ನೋಡೋಣ ಅನ್ನುವ ಲೆಕ್ಕ. ಹಳೆಯ ಪ್ರೋಗ್ರಾಮುಗಳನ್ನು ಬಹುಪಾಲು ತಿದ್ದಿ ಬರೆಯಬೇಕಾಗುತ್ತಿದ್ದರಿಂದ ಹೆಚ್ಚು ಜನ ಒಪ್ಪಲಿಲ್ಲ, 2024ರ ಕೊನೆಗೆ ಅದರ ಬೆಳವಣಿಗೆ ನಿಂತಿತು.

ವಿಚಾರ ಮಾತ್ರ ಹಳೆಯದು, ಗಟ್ಟಿಯಾದದ್ದು. ಬದಲಾಗಬಹುದಾದ ಒಂದೊಂದು ನಿರ್ಧಾರವನ್ನೂ ಒಂದೊಂದು ಗೋಡೆಯ ಹಿಂದೆ ಬಚ್ಚಿಡಿ ಎಂದು ಡೇವಿಡ್ ಪಾರ್ನಾಸ್ 1972ರಲ್ಲೇ ಹೇಳಿದ್ದರು. ಗೋಡೆ ಎಲ್ಲಿ ಎನ್ನುವುದು ಒಂದು ಪ್ರಶ್ನೆ, ಕೋಣೆಗಳು ಒಂದೇ ಮನೆಯಲ್ಲಿರಬೇಕೋ ಬೇರೆ ಊರುಗಳಲ್ಲೋ ಎನ್ನುವುದು ಇನ್ನೊಂದು.

ಆದರೆ ಕೋಣೆಯಿಂದ ಕೋಣೆಗೆ ಕೂಗಿದ ಮಾತು ದಾರಿಯಲ್ಲಿ ಕಳೆಯುವುದಿಲ್ಲ. ಊರಿಂದೂರಿಗೆ ಹೋದ ಅಡ್ವೈಸು ಕಳೆಯಬಹುದು, ಎರಡು ಸಲವೂ ಬರಬಹುದು. ಆದ್ದರಿಂದ ಎರಡೂ ರೀತಿ ಓಡಬೇಕಾದರೆ ಮೊದಲ ದಿನದಿಂದಲೇ ಪ್ರತಿ ಸಂದೇಶಕ್ಕೂ ನಂಬರು ಬೇಕು, ಎರಡನೇ ಸಲ ಬಂದದ್ದನ್ನು ಗುರುತಿಸಿ ಬಿಡಬೇಕು, ತಾಳೆ ನೋಡುವವನೊಬ್ಬ ಇರಬೇಕು. ಡೆಬಿಟ್ಟನ್ನೂ ಕ್ರೆಡಿಟ್ಟನ್ನೂ ಆದಷ್ಟು ಒಂದೇ ಗೋಡೆಯೊಳಗೆ ಇಡಬೇಕು.

ಮಗನಿಗೆ ಇಷ್ಟೇ ಹೇಳಿದೆ: ಒಂದಾಗಿ ಕಟ್ಟು, ನೂರಾಗಿ ಕಟ್ಟು, ಆ ಹಿರಿಯರ ಪ್ರಶ್ನೆಗೆ ಉತ್ತರ ಇರಲಿ. ಅವನು ನಗಲಿಲ್ಲ, ಬರೆದುಕೊಂಡ!