ಕಾಂಡ್ಲಾ ಕಾಡು (ಕರ್ನಾಟಕ)

ಕಡಲ ಉಬ್ಬರ-ಇಳಿತ ಮುಟ್ಟುವ ಅಳಿವೆಯ ಕೆಸರಿನಲ್ಲಿ ಬೆಳೆಯುವ ಕಾಡು. ಕರ್ನಾಟಕದಲ್ಲಿ ಇದು ಮುಖ್ಯವಾಗಿ ಕಾಳಿ, ಅಘನಾಶಿನಿ, ಶರಾವತಿ ಅಳಿವೆಗಳಲ್ಲೂ ಕುಂದಾಪುರದ ಪಂಚಗಂಗಾವಳಿಯಲ್ಲೂ ಇದೆ. ನೀರು ಉಪ್ಪಾಗಿದ್ದರೆ ಸಾಲದು. ವಿಜಯಪುರದ ಆಸುಪಾಸು, ತಿಕೋಟಾ-ಬಬಲೇಶ್ವರ ಸೀಮೆಯಲ್ಲಿ ಹರಿಯುವ ಡೋಣಿ ಹೊಳೆಯ ನೀರೂ ಸವಳೇ. ಆದರೂ ಅದರ ದಂಡೆಗೆ ಕಾಂಡ್ಲಾ ಬಾರದು, ದಿನಕ್ಕೆರಡು ಸಲ ಏರಿ ಇಳಿಯುವ ನೀರು ಅಲ್ಲಿಲ್ಲ. ಈ ಕಾಡಿನ ಚರಿತ್ರೆಯೂ ಬಹುಪಾಲು ಆ ಏರಿಳಿತಕ್ಕೆ ಕಟ್ಟಿದ ಒಡ್ಡುಗಳ ಚರಿತ್ರೆ.

ರೈಜೋಫೋರಾ ಎಂಬ ಕಾಂಡ್ಲಾ ಜಾತಿಯ ಬೀಜ ಮರದಲ್ಲಿರುವಾಗಲೇ ಮೊಳೆಯುತ್ತದೆ. ಕಳಚಿಬಿದ್ದ ಮೊಳಕೆ ಕೆಸರಿನಲ್ಲಿ ನಾಟಿಕೊಳ್ಳುತ್ತದೆ, ಇಲ್ಲವೇ ತೇಲಿಹೋಗಿ ಬೇರೆಡೆ ಬೇರೂರುತ್ತದೆ. ಇನ್ನೊಂದು ಜಾತಿಯಾದ ಅವಿಸೀನಿಯಾದ ಬೇರುಗಳು ಕೆಸರಿನಿಂದ ಮೇಲೆದ್ದು ಉಸಿರಾಡುತ್ತವೆ. ಸಿಗಡಿ, ಏಡಿ, ಮೀನುಮರಿಗಳಿಗೆ ಈ ಬೇರುಗಳ ಸಂದಿಯೇ ಆಸರೆ.

ಅಘನಾಶಿನಿಯ ರೈತರು ಮಣ್ಣಿನ ಒಡ್ಡು ಹಾಕಿ, ಹಲಗೆಯ ಬಾಗಿಲಿಟ್ಟು ಗಜನಿ ಗದ್ದೆ ಮಾಡಿಕೊಂಡಿದ್ದರು. ಮಳೆಗಾಲದಲ್ಲಿ ಉಪ್ಪು ತಾಳುವ ಕಗ್ಗ ಭತ್ತ, ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಮೀನು, ಸಿಗಡಿ. ಕುಮಟಾ ತಾಲೂಕಿನ ಮಾಣಿಕಟ್ಟಾ ಈ ಬೇಸಾಯಕ್ಕೆ ಹೆಸರಾದ ಊರು. 1970ರ ದಶಕದಲ್ಲಿ ಸರ್ಕಾರ ಕಾಯಂ ಒಡ್ಡು ಕಟ್ಟಿಸಿತು. ಮುಂದಿನ ದಶಕಗಳಲ್ಲಿ ಅನೇಕ ಗಜನಿಗಳು ಸಿಗಡಿ ಹೊಂಡಗಳಾದವು. ಕಾಂಡ್ಲಾದ ಜೊತೆ ಕಗ್ಗವೂ ಹಿಂದೆ ಸರಿಯಿತು. 1991ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ ಕಾಂಡ್ಲಾಕ್ಕೆ ಕಾನೂನಿನ ರಕ್ಷಣೆ ಕೊಟ್ಟಿತು. 1996ರಲ್ಲಿ ಸುಪ್ರೀಂ ಕೋರ್ಟ್ ಕರಾವಳಿಯ ಸಿಗಡಿ ಉದ್ಯಮಕ್ಕೆ ಕಡಿವಾಣ ಹಾಕಿತು.

ಅಣೆಕಟ್ಟುಗಳ ಪರಿಣಾಮ ಇಷ್ಟು ಎದ್ದು ಕಾಣುವುದಿಲ್ಲ, ಆದರೆ ಕಡಿಮೆಯದೇನಲ್ಲ. 1964ರ ಲಿಂಗನಮಕ್ಕಿ ಅಣೆಕಟ್ಟಿನ ನಂತರ ವಿದ್ಯುದಾಗಾರಗಳಿಂದ ವರ್ಷವಿಡೀ ಸಿಹಿನೀರು ಇಳಿದು ಶರಾವತಿ ಅಳಿವೆಯ ಉಪ್ಪಿನಂಶ ತಗ್ಗಿತು. ಉಪ್ಪು ಬೇಡುವ ಗಿಡಗಳಿಗೂ ಚಿಪ್ಪುಜೀವಿಗಳಿಗೂ ಅದರಿಂದ ಹೊಡೆತ ಬಿತ್ತು. ಅಣೆಕಟ್ಟಿಲ್ಲದ ಅಘನಾಶಿನಿಯಲ್ಲಿ ಚಿಪ್ಪು ಹೆಕ್ಕಿಯೇ ಬದುಕುವ ಕುಟುಂಬಗಳು ಬಹಳ. ಭಾರತೀಯ ವಿಜ್ಞಾನ ಸಂಸ್ಥೆಯ ಸುಭಾಷ್ ಚಂದ್ರನ್, ಟಿ.ವಿ. ರಾಮಚಂದ್ರ ಮೊದಲಾದವರು ಆ ಚಿಪ್ಪುಸಂಪತ್ತಿನ ಆರ್ಥಿಕ ಮೌಲ್ಯ ಅಂದಾಜಿಸಿದ್ದಾರೆ. ಇದೇ ಅಳಿವೆಯ ತದಡಿಯಲ್ಲಿ 4,000 ಮೆಗಾವ್ಯಾಟ್‌ನ ಉಷ್ಣ ವಿದ್ಯುತ್ ಸ್ಥಾವರದ ಪ್ರಸ್ತಾವವಿತ್ತು. ಜನರ ವಿರೋಧ ಎದ್ದಿತು, ಸ್ಥಾವರ ಬರಲಿಲ್ಲ.

ಅರಣ್ಯ ಇಲಾಖೆ ಹಲವು ವರ್ಷಗಳಿಂದ ಕಾಂಡ್ಲಾ ನೆಡುತ್ತಿದೆ. ಸಸಿ ನೆಡುವುದು ಸುಲಭ. ಉಬ್ಬರದ ದಾರಿ ತೆರೆದಿಡುವುದು ಕಷ್ಟ, ನೆಟ್ಟದ್ದು ಉಳಿಯುವುದು ಅದರಿಂದಲೇ. 2021ರ ಅರಣ್ಯ ಸಮೀಕ್ಷೆಯ ಪ್ರಕಾರ ದೇಶದ 4,992 ಚದರ ಕಿ.ಮೀ. ಕಾಂಡ್ಲಾದಲ್ಲಿ ರಾಜ್ಯದ ಪಾಲು ಬರೇ 13. ಅಘನಾಶಿನಿ ಅಳಿವೆ 2024ರ ಜನವರಿಯಲ್ಲಿ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು.